ಉಳಿತಾಯ ನನ್ನದು, ಧಗೆ ಅವರದು

ಇಳಕಲ್ಲಿನಲ್ಲಿ ಬಾಡಿಗೆಗೆಂದು ಮನೆ ಕಟ್ಟಿಸುವಾಗ ಎಂಜಿನಿಯರ್ ಒಂದು ಮಾತು ಹೇಳಿದ್ದರು: ಸ್ಲ್ಯಾಬಿನ ಮೇಲೆ ಶಾಖ ತಡೆಯುವ ಪದರ ಹಾಕಿಸಿ, ಅದರ ಮೇಲೆ ಬಿಳಿ ಟೈಲ್ಸ್ ಕೂರಿಸಿ. ಇಕೋ ನಿವಾಸ ಸಂಹಿತೆಯ ಹೆಸರನ್ನು ನಾನು ಕೇಳಿದ್ದು ಅವರಿಂದಲೇ. ಕೇಂದ್ರ ಸರ್ಕಾರ 2018ರಲ್ಲಿ ತಂದ ಈ ಸಂಹಿತೆ ಛಾವಣಿಯಿಂದ ಒಳಗಿಳಿಯುವ ಶಾಖಕ್ಕೆ ಮಿತಿ ಹಾಕಿದೆ. ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದರೆ ಚದರ ಮೀಟರಿಗೆ 1.2 ವ್ಯಾಟ್ ದಾಟಬಾರದು. ಬರಿ ಕಾಂಕ್ರೀಟ್ ಸ್ಲ್ಯಾಬು ಸುಮಾರು ಅದರ ಮೂರು ಪಟ್ಟು ಬಿಡುತ್ತದೆ.

ಆದರೆ 2018ರ ಆ ಸಂಹಿತೆ ಹೇಳಿದ್ದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಬಗ್ಗೆ. ನನ್ನದು 30×40 ಅಡಿಯದು. ಕಾನೂನು ಕೇಳದ ಖರ್ಚು ನನಗೇಕೆ ಎಂದು ಎಸ್ಟಿಮೇಟಿನಿಂದ ಆ ಬಾಬನ್ನೇ ತೆಗೆಸಿದೆ.

ಬಾಡಿಗೆಗೆ ಬಂದವರು ನೇಕಾರರು. ನಡುಮನೆಯಲ್ಲಿ ಕುಣಿಮಗ್ಗ ಹೂಡಿದರು. ಬೇಸಿಗೆಯಲ್ಲಿ ಒಮ್ಮೆ ಹೋದಾಗ ಮನೆಯ ಹಿರಿಯರು, "ಅಣ್ಣಾರ, ಹನ್ನೆರಡರ ಮ್ಯಾಲ ಮಗ್ಗದಾಗ ಕುಂದ್ರಾಕ ಆಗವಲ್ದ್ರಿ. ಫ್ಯಾನ್ ಹಾಕಿದ್ರ ಬಿಸಿಗಾಳೀನ ಬೀಸತೈತಿ" ಎಂದರು. ನೇಯ್ದಷ್ಟೇ ಕೂಲಿ, ಮಧ್ಯಾಹ್ನ ಮಗ್ಗ ನಿಂತರೆ ಗಳಿಕೆಯೂ ನಿಂತಂತೆ. ಹಗಲು ಕುಡಿದ ಬಿಸಿಲನ್ನು ಸ್ಲ್ಯಾಬು ರಾತ್ರಿಯೆಲ್ಲ ಕೆಳಗಿಳಿಸುತ್ತಿತ್ತು. ಮಳೆಗಾಲಕ್ಕೆ ಮುಂಚೆಯೇ ಅವರು ಮನೆ ಬಿಟ್ಟು, ಮಣ್ಣಿನ ಮಾಳಿಗೆಯ ಹಳೆಯ ಮನೆಯೊಂದಕ್ಕೆ ಹೋದರು.

ಆಗ ನನ್ನ ಲೆಕ್ಕದ ದೋಷ ಕಂಡಿತು. ಉಳಿದ ಹಣ ನನ್ನ ಕಿಸೆಗೆ ಬಂದಿತ್ತು. ಕರೆಂಟ್ ಬಿಲ್ಲು, ಕೆಟ್ಟ ನಿದ್ದೆ, ತಪ್ಪಿದ ಕೂಲಿ ಇವೆಲ್ಲ ಬೇರೊಬ್ಬರ ಪಾಲಾಗಿದ್ದವು. ಕಟ್ಟಿಸುವವನೊಬ್ಬ, ಬಾಳುವವನೊಬ್ಬ ಆದಾಗ ಲಾಭನಷ್ಟವನ್ನು ಮಾಲೀಕನ ವಿವೇಕಕ್ಕೆ ಬಿಡಲಾಗದು. ಅಲ್ಲಿ ನಿಯಮವೇ ಬೇಕು.

ನಿಯಮಕ್ಕೂ ಬೆಲೆಯಿದೆ. ಗೋಡೆ, ಕಿಟಕಿ, ಗಾಜಿನ ಲೆಕ್ಕವನ್ನೆಲ್ಲ ತಜ್ಞರಿಂದ ಮಾಡಿಸಿ ತಾ ಎಂದರೆ ಸಣ್ಣ ಮನೆ ಕಟ್ಟುವವರಿಗೆ ಹೊರೆಯಾದೀತು. ಹಾಗೆಂದು ಮಣ್ಣಿನ ಮಾಳಿಗೆಗೆ ಮರಳಿ ಎನ್ನಲೂ ಆಗದು. ಅದು ಸೋರುತ್ತದೆ, ಮೇಲೆ ಮತ್ತೆ ಮತ್ತೆ ಮಣ್ಣು ಹಾಕುತ್ತಿರಬೇಕು. ಆಲಮಟ್ಟಿ ಹಿನ್ನೀರಿಗೆ ಹಳೆಯ ಮನೆ ಬಿಟ್ಟು ಬಾಗಲಕೋಟೆಯ ನವನಗರಕ್ಕೆ ಬಂದವರೂ, ಬಾದಾಮಿ, ಹುನಗುಂದದ ಹಳ್ಳಿಗಳಲ್ಲಿ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿಸಿದವರೂ ಸೋರದ ಸೂರು ಬಯಸಿದ್ದು ನ್ಯಾಯವೇ. ಒಂದಂತಸ್ತಿನ ಮನೆಗೆ ನಮ್ಮ ಬಿಸಿಲು ಹೆಚ್ಚಾಗಿ ಇಳಿಯುವುದು ಮೇಲಿನಿಂದ. ಆದ್ದರಿಂದ ಸಣ್ಣ ನಿವೇಶನಗಳಿಗೆ ಛಾವಣಿಯ ನಿಯಮವೊಂದನ್ನೇ ಕಡ್ಡಾಯ ಮಾಡಿದರೂ ಸಾಕು.

ಆ ಪದರವನ್ನು ನಾನು ಆಮೇಲೆ ಹಾಕಿಸಿದೆ. ಮೇಲಿನ ಗಿಲಾವು ಕಿತ್ತು ಹಾಕಿಸಬೇಕಾದ್ದರಿಂದ ಮೊದಲಿಗಿಂತ ಹೆಚ್ಚೇ ಖರ್ಚಾಯಿತು. ಬಾಡಿಗೆಗೆ ಮನೆ ಕಟ್ಟಿಸುವವರಲ್ಲಿ ನನ್ನದೊಂದು ವಿನಂತಿ: ಎಸ್ಟಿಮೇಟಿನಲ್ಲಿ ಏನನ್ನಾದರೂ ಕಡಿಮೆ ಮಾಡಿ, ಛಾವಣಿಯ ಬಾಬನ್ನು ಮಾತ್ರ ಮುಟ್ಟಬೇಡಿ.