ದುಡ್ಡು ಕೊಟ್ಟವರು, ನಿಂತು ಕೇಳಿದವರು

ಸಂಗೀತಕ್ಕೆ ದುಡ್ಡು ಹಾಕುವವರಿಗೆ ಒಂದಲ್ಲ ಒಂದು ಹುಚ್ಚು ಇದ್ದೇ ಇರುತ್ತದೆ. 1895ರಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್‌ನ ಮ್ಯಾನೇಜರ್ ರಾಬರ್ಟ್ ನ್ಯೂಮನ್ ಜನಸಾಮಾನ್ಯರಿಗಾಗಿ ಆರ್ಕೆಸ್ಟ್ರಾ ಕಚೇರಿಗಳ ಸರಣಿ ಶುರುಮಾಡಲು ಹೊರಟಾಗ ಕೈಹಿಡಿದವರು ಜಾರ್ಜ್ ಕ್ಯಾತ್‌ಕಾರ್ಟ್ ಎಂಬ ಗಂಟಲಿನ ಡಾಕ್ಟರು. ಅವರದು ಎರಡು ಷರತ್ತು. ಹೆನ್ರಿ ವುಡ್ ಒಬ್ಬನೇ ಕಂಡಕ್ಟರ್ ಆಗಿರಬೇಕು. ವಾದ್ಯಗಳ ಶ್ರುತಿ ಇಳಿಯಬೇಕು. ಆಗ ಇಂಗ್ಲೆಂಡಿನಲ್ಲಿ ಶ್ರುತಿ ವಿಪರೀತ ಮೇಲಿತ್ತು, ಅದನ್ನು ಮುಟ್ಟಲು ಹೋಗಿ ಗಾಯಕರ ಗಂಟಲು ಕೆಡುತ್ತಿತ್ತು. ಕೈಯಿಂದ ಕಾಸು ಹಾಕಿ ತನ್ನ ರೋಗಿಗಳನ್ನು ತಾನೇ ಕಡಿಮೆ ಮಾಡಿಕೊಂಡ ವೈದ್ಯ!

ಆ ಆಗಸ್ಟ್ 10ರಂದು ಆರಂಭವಾದದ್ದೇ ಇವತ್ತಿನ ಪ್ರಾಮ್ಸ್. ಆಗ ನಿಂತು ಕೇಳಲು ಒಂದು ಶಿಲ್ಲಿಂಗ್. ತಿನ್ನಬಹುದು, ಕುಡಿಯಬಹುದು, ಸಿಗರೇಟೂ ಸೇದಬಹುದು. ಹಾಡುವಾಗ ಮಾತ್ರ ಬೆಂಕಿಕಡ್ಡಿ ಗೀರಬೇಡಿ ಎಂದು ಕೋರಿಕೆ. 1927ರಲ್ಲಿ ಬಿಬಿಸಿ ಹೊಣೆ ಹೊತ್ತುಕೊಂಡಿತು. 1941ರಲ್ಲಿ ಕ್ವೀನ್ಸ್ ಹಾಲ್ ಬಾಂಬಿಗೆ ಬಲಿಯಾದ ಮೇಲೆ ಕಚೇರಿಗಳು ರಾಯಲ್ ಆಲ್ಬರ್ಟ್ ಹಾಲ್‌ಗೆ ಬಂದವು. ಅಲ್ಲಿನ ಪ್ರತಿಧ್ವನಿ ಎಷ್ಟು ಕುಖ್ಯಾತವೆಂದರೆ, 1969ರಲ್ಲಿ ಚಾವಣಿಯಿಂದ ಅಣಬೆಯಂಥ ದೊಡ್ಡ ದೊಡ್ಡ ತಟ್ಟೆಗಳನ್ನು ಇಳಿಬಿಟ್ಟು ಅದನ್ನು ಹತೋಟಿಗೆ ತರಬೇಕಾಯಿತು.

ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಹೆಚ್ಚುಕಮ್ಮಿ ದಿನಾ ಕಚೇರಿ. ಕೊನೆಯ ರಾತ್ರಿಯ ಬಾವುಟದ ಜಾತ್ರೆಯನ್ನು ಟೀವಿಯವರು ಜಗತ್ತಿಗೆಲ್ಲ ತೋರಿಸುತ್ತಾರೆ, ಅದನ್ನು ಅವರಿಗೇ ಬಿಡೋಣ. ನನಗೆ ಪ್ರಾಮ್ಸ್ ಎಂದರೆ ವೇದಿಕೆಯ ಮುಂದಿನ ಬಯಲು, ಅರೀನಾ. ಅಲ್ಲಿ ಕುರ್ಚಿಗಳಿಲ್ಲ. ಈಚಿನ ವರ್ಷಗಳಲ್ಲಿ ಎಂಟು ಪೌಂಡಿನ ಆಸುಪಾಸು ಕೊಟ್ಟರೆ ಪಿಟೀಲಿನವರ ಬಿಲ್ಲಿನಿಂದ ಏಳುವ ರಾಳದ ಪುಡಿ ಕಾಣುವಷ್ಟು ಹತ್ತಿರ ನಿಲ್ಲಬಹುದು. ದುಬಾರಿ ಬಾಕ್ಸ್‌ನವರಿಗೆ ಈ ಭಾಗ್ಯವಿಲ್ಲ. ಇಲ್ಲಿನವರಿಗೆ ತಮ್ಮದೇ ಕುಚೇಷ್ಟೆಗಳು. ಪಿಯಾನೋದ ಮುಚ್ಚಳ ಎತ್ತುವಾಗ ಕೆಳಗಿನವರು ‘ಹೀವ್’ ಎಂದರೆ ಮೇಲಿನ ಗ್ಯಾಲರಿಯವರು ‘ಹೋ’ ಎನ್ನುತ್ತಾರೆ. ಶ್ರುತಿ ಹೊಂದಿಸಲು ಪಿಯಾನೋದ ಒಂದು ಮನೆ ಒತ್ತಿದರೆ ಅದಕ್ಕೂ ಚಪ್ಪಾಳೆ. ಇಷ್ಟು ಅಗ್ಗಕ್ಕೆ ಒಳಗೆ ಬಂದವರೇ ಕಚೇರಿ ಮುಗಿದ ಮೇಲೆ ಬಕೆಟ್ ಹಿಡಿದು ಸಂಗೀತಗಾರರ ನೆರವಿಗೆ ಚಂದಾ ಎತ್ತುವುದು.

ಬೀಥೋವನ್‌ನ ಒಂಬತ್ತನೆಯ ಸಿಂಫನಿಗೆ ಇಲ್ಲೇ ನಿಲ್ಲಬೇಕು. ಮೊದಲ ಮೂರು ಭಾಗಗಳಲ್ಲಿ ಕೋರಸ್‌ಗೆ ಕೆಲಸವಿಲ್ಲ. ಮುಕ್ಕಾಲು ಗಂಟೆ ಹಾಡುವವರು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಕುಳಿತಿರುತ್ತಾರೆ, ಕೇಳುವವರು ನಿಂತಿರುತ್ತಾರೆ! ತಾಳ ಹಾಕಿ ಅಭ್ಯಾಸವಾದ ನನ್ನ ಕೈಗೆ ಏನು ಮಾಡಬೇಕೆಂದು ತೋಚುವುದಿಲ್ಲ, ಸೊಂಟ ಬೇರೆ ತನ್ನದೇ ರಾಗ ತೆಗೆಯುತ್ತದೆ. ಕೊನೆಯ ಭಾಗದಲ್ಲಿ ಚೆಲ್ಲೋ ಮತ್ತು ಡಬಲ್ ಬೇಸ್‌ಗಳು ಕೋರಸ್ ಹಾಡಲಿರುವ ಧಾಟಿಯನ್ನು ಮೆಲ್ಲಗೆ, ಯಾರಿಗೂ ಹೇಳಬೇಡಿ ಎಂಬಂತೆ, ಮೊದಲು ನುಡಿಸುತ್ತವೆ. ಆಮೇಲೆ ನೂರಾರು ಜನ ದಡಕ್ಕನೆ ಎದ್ದು ನಿಂತು ಹಾಡಿದಾಗ ಆ ದನಿ ಕಿವಿಗಿಂತ ಮುಂಚೆ ಎದೆಗೆ ತಾಗುತ್ತದೆ. ಸೊಂಟದ ದೂರು ಅಲ್ಲಿಗೆ ವಜಾ.

ದುಡ್ಡು ಹಾಕುವವರ ಹುಚ್ಚಿನ ಮಾತಿಗೆ ಬಂದರೆ, ಇದೇ ಹಾಲ್‌ನಲ್ಲಿ ನಮ್ಮವರದೂ ಒಂದು ಕತೆಯಿದೆ. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಕಷ್ಟಕಾಲದಲ್ಲಿ ನೆರವಾದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ರೆಕಾರ್ಡ್ ಮಾಡಿಸಿದವರೂ ಅವರೇ. ಆತ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಅವರಿಗೆ ಅರ್ಪಿಸಿದ. 1950ರ ಮೇ 22ರಂದು, ಪ್ರಾಮ್ಸ್‌ಗೆ ಸಂಬಂಧವಿಲ್ಲದ ಕಚೇರಿಯೊಂದರಲ್ಲಿ, ಹಿಂದಿನ ವರ್ಷ ತೀರಿಕೊಂಡಿದ್ದ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಸಲ ಹಾಡಿದರು. ಕಂಡಕ್ಟರ್ ಫುರ್ಟ್‌ವೆಂಗ್ಲರ್. 4,800 ಡಾಲರಿನ ಭರವಸೆ ಕೊಟ್ಟಿದ್ದ ಮಹಾರಾಜರು ಸಭೆಯಲ್ಲಿರಲಿಲ್ಲ. ಅವರ ಸಂಗ್ರಹದಲ್ಲಿ ಆಗಲೇ ಇಪ್ಪತ್ತು ಸಾವಿರದಷ್ಟು ರೆಕಾರ್ಡುಗಳಿದ್ದವಂತೆ. ಇದೂ ಮುದ್ರಣಗೊಂಡು ಮೈಸೂರಿಗೆ ಹೋಗಬೇಕೆಂಬುದೇ ಏರ್ಪಾಡು. ಆ ಸಂಜೆಯ ಮುದ್ರಣ ಇವತ್ತಿಗೂ ಕೇಳಸಿಗುತ್ತದೆ. ಗೊರಗೊರ ಸದ್ದು ವಿಪರೀತ, ಆರ್ಕೆಸ್ಟ್ರಾ ಪಕ್ಕದ ಬೀದಿಯಲ್ಲಿ ನುಡಿಸಿದ ಹಾಗಿದೆ. ಆದರೂ ನಾನು ಮತ್ತೆ ಮತ್ತೆ ಹಾಕಿಕೊಳ್ಳುವುದು ಅದನ್ನೇ. ಶುಭ್ರವಾದ ಮುದ್ರಣವೇ ಬೇಕೆನ್ನುವವರಿಗೆ ಬೇರೆ ಗಾಯಕಿಯರವು ಬೇಕಾದಷ್ಟಿವೆ.