ನಾಲ್ಕು ಎಳೆ, ಎಂಟು ಎಳೆ

ಕಾರ್ತೀಕದ ಒಂದು ಸಂಜೆ ಫೋನ್ ಬಂತು. "ಅವ್ವ ಹೋಗ್ಬುಟ್ರು ಸಾ. ಅವತ್ತು ಹಾಡು ಹಿಡ್ಕಂಡು ಹೋಗಿದ್ರಲ್ಲ, ಅದು ಐತಾ? ತಿಥಿ ದಿನ ಒಂದ್ಸಲ ಕೇಳ್ಬೇಕು." ತಿಪಟೂರಿನಾಚೆಯ ಹಳ್ಳಿಯೊಂದರಲ್ಲಿ ಎರಡು ಹಗಲು ಕೂತು ನನಗಾಗಿ ಸೋಬಾನೆ ಪದ, ಬೀಸೋ ಪದ ಹಾಡಿದ ಅಜ್ಜಿಯ ಮಗಳು. "ಐತೆ ಅಕ್ಕ, ತಂದುಕೊಡ್ತೀನಿ" ಅಂದೆ.

ನನ್ನ ಮೂರು ವರ್ಷದ ಕ್ಷೇತ್ರಕಾರ್ಯವೆಲ್ಲ, ಸುಮಾರು 800 ಜಿಬಿ, ಕೆಳಗಿನ ಕೋಣೆಯ ಹಳೇ ಕಂಪ್ಯೂಟರಿನಲ್ಲಿತ್ತು. ಅಜ್ಜಿ ಎರಡನೇ ದಿನ ಹಾಡಿದ್ದು ಸಿಕ್ಕಿತು, ಪೆನ್‌ಡ್ರೈವಿಗೆ ಹಾಕಿಕೊಂಡೆ. ಮೊದಲ ದಿನದ್ದು ಏನು ಮಾಡಿದರೂ ತೆರೆಯಲಿಲ್ಲ. ಹಾರ್ಡ್ ಡಿಸ್ಕಿನೊಳಗಿಂದ ಉಗುರಿನಿಂದ ಮೇಜು ಕುಟ್ಟಿದಂಥ ಸದ್ದು.

ಬ್ಯಾಕಪ್ ಇರಬೇಕಿತ್ತು. ಅದಕ್ಕೆಂದೇ ಫೆಲೋಶಿಪ್ ದುಡ್ಡಿನಲ್ಲಿ ಕೊಂಡ ಸ್ಟೋರೇಜ್ ಪೆಟ್ಟಿಗೆ ಮಹಡಿಯ ನನ್ನ ಕೋಣೆಯಲ್ಲಿದೆ. ಹಿಂದಿನ ವರ್ಷ ವೈಫೈ ಮೂಲಕ ನಕಲು ಶುರುಮಾಡಿದ್ದೆ. ನಡುವೆ ಒಂದು ತಾರಸಿ, ಎರಡು ಗೋಡೆ. ಸೆಕೆಂಡಿಗೆ 4 ಎಂಬಿ ದಾಟಲಿಲ್ಲ. ಮುಗಿಯಲು ಐವತ್ತೈದು ಗಂಟೆ ಬೇಕಿತ್ತು. ರಾತ್ರಿ ಕರೆಂಟು ಹೋಯಿತು, ನಕಲು ಅರ್ಧಕ್ಕೆ ನಿಂತಿತು. ನಾಳೆ ನೋಡೋಣ ಅಂದುಕೊಂಡೆ. ಆ ನಾಳೆಗೆ ಹನ್ನೊಂದು ತಿಂಗಳಾಯಿತು. ಅಜ್ಜಿಯ ಮೊದಲ ದಿನ, ನಕಲಾಗದೆ ಉಳಿದ ಅರ್ಧದಲ್ಲಿತ್ತು.

ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕಿತ್ತು. ಮನೆ ಕಟ್ಟಿಸಿದಾಗ ಮಹಡಿಗೆ ಎಳೆಸಿದ್ದ ನೆಟ್‌ವರ್ಕ್ ವೈರು ನೆನಪಾಯಿತು. ಸಿಕ್ಕಿಸಿದೆ: ಸೆಕೆಂಡಿಗೆ 11 ಎಂಬಿ, ಅಂದರೆ ಇಪ್ಪತ್ತು ಗಂಟೆ. ಸಾಯುತ್ತಿರುವ ಡಿಸ್ಕು ಅಷ್ಟು ಹೊತ್ತು ತಡೆದೀತೆಂಬ ನಂಬಿಕೆಯಿರಲಿಲ್ಲ. ಪೇಟೆಗೆ ಓಡಿ ಗಿಗಾಬಿಟ್ ಸ್ವಿಚ್ ತಂದು ಹಳೆಯದನ್ನು ಬದಲಿಸಿದೆ. ಆಗಲೂ 11.

ಕೊನೆಗೆ ವೈರಿನ ತುದಿಯ ಪ್ಲಗ್ ಕತ್ತರಿಸಿ ನೋಡಿದೆ. ಒಳಗೆ ಎಂಟು ತಾಮ್ರದ ಎಳೆಗಳು, ಎರಡೆರಡು ಹೊಸೆದು ನಾಲ್ಕು ಜೋಡಿ. 1995ರ ನೂರು ಮೆಗಾಬಿಟ್ಟಿನ ಪದ್ಧತಿಗೆ ಎರಡು ಜೋಡಿ ಸಾಕು. 1999ರಲ್ಲಿ ಬಂದ ಗಿಗಾಬಿಟ್ ಪದ್ಧತಿ ಅಂಥದೇ ವೈರಿನಲ್ಲಿ ಅದರ ಹತ್ತುಪಟ್ಟು ಸಾಗಿಸುತ್ತದೆ; ಆದರೆ ಅದಕ್ಕೆ ನಾಲ್ಕೂ ಜೋಡಿ ಬೇಕು. ನಮ್ಮ ಪ್ಲಗ್ಗಿನಲ್ಲಿ ಕಿತ್ತಳೆ, ಹಸಿರು ಜೋಡಿಗಳನ್ನಷ್ಟೇ ಸೇರಿಸಿ, ನೀಲಿ, ಕಂದು ಜೋಡಿಗಳನ್ನು ಕತ್ತರಿಸಿ ಬಿಟ್ಟಿದ್ದರು. ಇಷ್ಟು ವರ್ಷ ಗೋಡೆಯೊಳಗೆ ಅವು ಸುಮ್ಮನೆ ಮಲಗಿದ್ದವು.

ಕೇಬಲ್ ಟಿವಿ ಹುಡುಗನಿಂದ ಕ್ರಿಂಪಿಂಗ್ ಟೂಲ್ ಇಸಕೊಂಡು ಬಂದೆ. ಅಪ್ಪ ಟಾರ್ಚ್ ಹಿಡಿದರು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡು ಪ್ಲಗ್ ಹಾಳಾದವು. ಮೂರನೆಯದು ಕೂತಿತು, ಮೇಲಿನ ತುದಿಗೂ ಹಾಗೇ ಹಾಕಿದೆ. ಪರದೆಯ ಮೇಲೆ ವೇಗ 90ಕ್ಕೇರಿತು. ಹಳೇ ಡಿಸ್ಕು ಓದಬಲ್ಲದ್ದೇ ಅಷ್ಟು. ಅಪ್ಪ ಕೇಳಿದರು, "ಇಷ್ಟೇನಾ? ಹೋದ ವರ್ಷವೇ ಮಾಡಬಹುದಿತ್ತಲ್ಲೋ?" ನಾನು ಮಾತಾಡಲಿಲ್ಲ. ಬೆಳಗಾಗುವುದರೊಳಗೆ, ಓದಲು ಬಂದದ್ದೆಲ್ಲ ಮಹಡಿ ಸೇರಿತ್ತು.

ತಿಥಿಯ ದಿನ ಊಟವಾದ ಮೇಲೆ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಅಜ್ಜಿಯ ದನಿ ಕೇಳಿಸಿದೆ. ಹಾಡಿನ ನಡುವೆ ಅಜ್ಜಿ ಕೆಮ್ಮಿದ್ದು, "ಹುಡ್ಗನಿಗೆ ಕಾಪಿ ಕೊಡ್ರೇ" ಅಂದದ್ದು ಕೇಳಿ ಹೆಂಗಸರು ಅತ್ತರು, ನಕ್ಕರು. ಆಮೇಲೆ ಮಗಳು ಕೇಳಿದರು: "ಬೀಸೋ ಪದ ಎಲ್ಲಿ ಸಾ?"

ಅದು ಮೊದಲ ದಿನದ್ದು. ಹೋಯಿತು ಅಂದೆ. ಯಾಕೆ ಹೋಯಿತೆಂದೂ ಹೇಳಿದೆ, ನನ್ನ ಹನ್ನೊಂದು ತಿಂಗಳನ್ನೂ ಸೇರಿಸಿ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಅರ್ಧ ಬತ್ತದೆ" ಎಂದು ಸೆರಗು ಸರಿಮಾಡಿಕೊಂಡರು. ನಾನು ರೆಕಾರ್ಡರ್ ಒತ್ತಿದೆ.

ರಾತ್ರಿ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಆ ಫೈಲನ್ನು ಮೇಲಕ್ಕೆ ಕಳಿಸಿದೆ. ಒಂದು ಸೆಕೆಂಡೂ ಹಿಡಿಯಲಿಲ್ಲ. ಉಳಿದರ್ಧ ಯಾರಿಗೆ ಬರುತ್ತದೋ, ಆ ಊರಿನಲ್ಲಿ ವಿಚಾರಿಸುತ್ತಿದ್ದೇನೆ.