ನಾವು ಕಂಡ ಉದಕಮಂಡಲದ ಕಟ್ಟಡಗಳು

ನಮ್ಮ ತಂದೆಯವರು ಗಾರೆ ಕೆಲಸದವರು. ಗುಂಡ್ಲುಪೇಟೆ ಕಡೆಯ ಎಷ್ಟೋ ಮಂದಿಯಂತೆ ಅವರಿಗೂ ವರ್ಷದ ಹೆಚ್ಚು ಕಾಲ ಉದಕಮಂಡಲವೇ ಅನ್ನದ ಊರು. 2024ರ ಬೇಸಿಗೆ ರಜೆಯಲ್ಲಿ ನಾವು ಒಡಹುಟ್ಟಿದವರಿಬ್ಬರೂ ಅವ್ವನೊಡನೆ ಅಲ್ಲಿಗೆ ಹೊರಟೆವು. ಬಂಡೀಪುರದ ಕಾಡು ದಾಟಿ, ಗೂಡಲೂರು ಬಿಟ್ಟು, ಬಸ್ಸು ಘಾಟಿ ಹತ್ತುವಾಗ ನಮ್ಮಲ್ಲೊಬ್ಬರಿಗೆ ವಾಂತಿಯಾಯಿತು. ಯಾರಿಗೆಂದು ಇಲ್ಲಿ ಬರೆಯುವುದಿಲ್ಲ.

ಕೆರೆಯಲ್ಲಿ ದೋಣಿ ಹತ್ತಿಸುವರೆಂದು ನಾವು ಕಾದಿದ್ದರೆ, ತಂದೆಯವರು ಮೊದಲು ತೋರಿಸಿದ್ದು ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿರುವ ಕಲ್ಲು ಬಂಗಲೆಯನ್ನು. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ 1822ರಲ್ಲಿ ಕಟ್ಟಿಸತೊಡಗಿದ ಮನೆಯಿದು. ಆಂಗ್ಲರು ಆ ಊರಿನಲ್ಲಿ ಕಟ್ಟಿದ ಮೊದಲನೆಯದು. "ಆಗ ಪ್ಲಾನ್ ಪಾಸು ಮಾಡೋರು ಯಾರಿದ್ರು?" ಎಂದು ತಂದೆಯವರು ನಕ್ಕರು. ಆ ನಗು ನಮಗೆ ಅರ್ಥವಾದದ್ದು ರಾತ್ರಿ.

ಅವರು ದುಡಿಯುತ್ತಿದ್ದ ಮನೆಯ ಕೆಲಸ ಮೂರು ವಾರದಿಂದ ನಿಂತಿತ್ತು. ನಕ್ಷೆಯಲ್ಲಿ ಮಂಜೂರಾಗಿದ್ದುದು ಒಂದೇ ಮಹಡಿ. ಮಾಲೀಕರು ಅದರ ಮೇಲೆ ಇನ್ನೊಂದನ್ನು ಎಬ್ಬಿಸಿದ್ದರು. ನೀಲಗಿರಿಯಲ್ಲಿ ಕಟ್ಟಡ 7 ಮೀಟರು ಮೀರಬಾರದೆಂಬ ನಿಯಮ 1993ರಿಂದ ಇದೆ. ಅಧಿಕಾರಿಗಳು ಬಾಗಿಲಿಗೆ ಮುದ್ರೆ ಹಾಕಿದರು. ತಂದೆಯವರ ಕರಣೆ, ತೂಗುಗುಂಡು, ರಸಮಟ್ಟ ಎಲ್ಲವೂ ಒಳಗೇ ಉಳಿದವು. ಬಾಕಿ ಕೂಲಿ ಮಾಲೀಕರ ಬಳಿ ಉಳಿಯಿತು.

ನಮಗೆ ನಿಯಮದ ಮೇಲೆಯೇ ಸಿಟ್ಟು ಬಂತು. ತಪ್ಪು ಮಾಡಿದವರು ಯಾರೋ, ಹಸಿದವರು ನಾವು! ಮಸಿನಗುಡಿಯಲ್ಲೂ ಹೀಗೆಯೇ ಆಯಿತಂತೆ. ಅಲ್ಲಿ ಆನೆದಾರಿಯಲ್ಲಿ ಕಟ್ಟಿದ್ದ ರೆಸಾರ್ಟುಗಳಿಗೆ 2018ರಲ್ಲಿ ಬೀಗ ಬಿತ್ತು. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆನೆಗಳ ಪರವಾಗಿಯೇ ತೀರ್ಪಿತ್ತಿತು. ಆನೆಗೆ ಕೋರ್ಟಿದೆ, ಗಾರೆಯವನಿಗೆ ಯಾರಿದ್ದಾರೆ ಎಂದು ನಾವು ಕೇಳಿದೆವು.

ಅವ್ವ ಸುಮ್ಮನೆ ಕೇಳುತ್ತಿದ್ದವರು, "2009ರ ನವೆಂಬರ್ ಮಳೆ ನಿಮಗೆ ಗೊತ್ತಿಲ್ಲ," ಎಂದರು. ಆಗ ಗುಡ್ಡಗಳು ಜರಿದು ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತಿದ್ದರು. ಅಷ್ಟು ಹಿಂದಕ್ಕೂ ಹೋಗಬೇಕಾಗಿರಲಿಲ್ಲ. ಅದೇ ವರ್ಷ ಫೆಬ್ರವರಿ 7ರಂದು ಲವ್‌ಡೇಲ್ ಬಳಿ ಒಂದು ಮನೆಯ ಕೆಲಸಕ್ಕೆ ಮಣ್ಣು ಕಡಿಯುತ್ತಿದ್ದಾಗ ಗೋಡೆ ಕುಸಿದು ಆರು ಮಂದಿ ಕೂಲಿ ಹೆಂಗಸರು ಮಣ್ಣಿನಡಿ ಸಿಕ್ಕಿ ತೀರಿಕೊಂಡಿದ್ದರು. ಅವ್ವನೂ ಮದುವೆಯಾದ ಹೊಸದರಲ್ಲಿ ಅಂಥ ಕಡೆಯೇ ಬಾಂಡಲಿ ಹೊತ್ತವರು. ಆ ರಾತ್ರಿ ನಾವು ಮತ್ತೇನೂ ಕೇಳಲಿಲ್ಲ.

ಮರುದಿನ ಒಬ್ಬ ಮೇಸ್ತ್ರಿ ಹೊಸ ಕೆಲಸಕ್ಕೆ ಕರೆದರು. ನಾವೂ ಜೊತೆಗೆ ಹೋದೆವು. ಗುಡ್ಡವನ್ನು ಎರಡಾಳೆತ್ತರ ನೆಟ್ಟಗೆ ಕಡಿದಿದ್ದರು. ಆಸರೆಗೋಡೆ ಇರಲಿಲ್ಲ, ಮಣ್ಣು ಒದ್ದೆಯಾಗಿತ್ತು. ತಂದೆಯವರು, "ಪ್ಲಾನ್ ಪಾಸಾಗಿದೆಯಾ ಅಣ್ಣಾ?" ಎಂದು ಕೇಳಿದರು.

"ನೀನು ಗಾರೆಯವನೋ, ಇಂಜಿನಿಯರೋ?" ಎಂದರು ಮೇಸ್ತ್ರಿ.

ತಂದೆಯವರು ಹಳ್ಳಕ್ಕೆ ಇಳಿಯಲಿಲ್ಲ. ನಮ್ಮ ಕೈ ಹಿಡಿದು ವಾಪಸು ನಡೆದರು. ದಾರಿಯಲ್ಲಿ ಕೆರೆ ಕಂಡಿತು, ದೋಣಿಯ ಮಾತನ್ನು ನಾವೂ ಎತ್ತಲಿಲ್ಲ. ಜೂನಿನಲ್ಲಿ ಹಳೆಯ ಚೀಲಗಳಿಗೇ ಹೊಲಿಗೆ ಹಾಕಿಸಿಕೊಂಡು ಶಾಲೆಗೆ ಬಂದೆವು. ಕರಣೆ, ರಸಮಟ್ಟಗಳು ಕೈಗೆ ಬಂದದ್ದು ದೀಪಾವಳಿಯ ಹೊತ್ತಿಗೆ. ಕೂಲಿ ಅರ್ಧ ಬಂದಿದೆ.